ಪ್ರತಿ ಸರ್ವರಿಗೆ ಬೇಕಾದ ಫೈಲುಗಳ ಸಿದ್ಧತೆ: ಸಂಘದ ದಾಖಲೆಗಳನ್ನು ಎರಡು ಊರಿನಲ್ಲಿ ಇಡುವವರಿಗೆ

ಸದಸ್ಯರ ಪಟ್ಟಿ, ಗ್ರಂಥಾಲಯದ ಪುಸ್ತಕಗಳ ವಿವರ, ದೇಣಿಗೆಯ ಲೆಕ್ಕ ಇವೆಲ್ಲ ಹಿಂದೆ ದಪ್ಪ ರಿಜಿಸ್ಟರುಗಳಲ್ಲಿ ಇರುತ್ತಿದ್ದವು. ಈಗ ಅವು ಡೇಟಾಬೇಸಿಗೆ ಬಂದಿವೆ. ಆದರೆ ಡೇಟಾಬೇಸ್ ಒಂದೇ ಯಂತ್ರದಲ್ಲಿದ್ದರೆ, ಆ ಯಂತ್ರದ ಡಿಸ್ಕ್ ಕೆಟ್ಟ ದಿನ ರಿಜಿಸ್ಟರಿಗೆ ಗೆದ್ದಲು ಹಿಡಿದಷ್ಟೇ ನಷ್ಟ. ಆದ್ದರಿಂದ ಇನ್ನೊಂದು ಊರಿನ ಯಂತ್ರದಲ್ಲಿ ಅದರ ಜೀವಂತ ಪ್ರತಿ ಇಡುವುದು ಒಳ್ಳೆಯದು. ಮೂಲ ಯಂತ್ರ ಕಾಸರಗೋಡಿನಲ್ಲಿ, ಪ್ರತಿ ಯಂತ್ರ ಸೊಲ್ಲಾಪುರದಲ್ಲಿ ಎಂದಿಟ್ಟುಕೊಳ್ಳಿ. ಆ ಪ್ರತಿ ಯಂತ್ರದಲ್ಲಿ ಯಾವ ಯಾವ ಫೈಲುಗಳು ಸಿದ್ಧವಿರಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ಕೊಟ್ಟಿದ್ದೇವೆ.

ನಾವು ಆರಿಸಿಕೊಂಡಿರುವುದು ಉಚಿತವಾಗಿ ಸಿಗುವ ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸನ್ನು (ಮುಂದೆ ಪೋಸ್ಟ್‌ಗ್ರೆಸ್ ಎಂದಷ್ಟೇ ಬರೆಯುತ್ತೇವೆ). ಫೈಲು ಮತ್ತು ಆಜ್ಞೆಗಳ ಹೆಸರುಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದ್ದೇವೆ. ಯಂತ್ರದಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಒಂದು ಮಾತನ್ನು ಮೊದಲೇ ನೆನಪಿಡಿ. ಪ್ರತಿ ಮಾಡುವ ಆಜ್ಞೆ ಡೇಟಾಬೇಸಿನ ಫೈಲುಗಳನ್ನು ಇದ್ದಂತೆಯೇ ತರುತ್ತದೆ. ಆ ಫೈಲುಗಳು ನೆಚ್ಚಿಕೊಂಡಿರುವ ಹೊರಗಿನ ಸಂಗತಿಗಳನ್ನು ತರುವುದಿಲ್ಲ. ತೊಂದರೆಗಳು ಹುಟ್ಟುವುದು ಹೆಚ್ಚಾಗಿ ಅಲ್ಲಿಯೇ. ಕನ್ನಡದಲ್ಲಿ ಹೆಸರುಗಳನ್ನು ಬರೆದಿಡುವ ನಮಗೆ ಅದರಲ್ಲೊಂದು ವಿಶೇಷ ಎಚ್ಚರಿಕೆಯೂ ಬೇಕು.

1. ಮೊದಲು ಹೊಂದಿಸಿ ನೋಡಬೇಕಾದವು

ಪೋಸ್ಟ್‌ಗ್ರೆಸ್‌ನ ಮುಖ್ಯ ಆವೃತ್ತಿ ಎರಡೂ ಕಡೆ ಒಂದೇ ಇರಬೇಕು. 15ರ ಪ್ರತಿ 16ರಲ್ಲಿ ನಡೆಯದು. ಒಂದು ಕಡೆ 64 ಬಿಟ್ ಯಂತ್ರ, ಇನ್ನೊಂದು ಕಡೆ ಹಳೆಯ 32 ಬಿಟ್ ಯಂತ್ರ ಇದ್ದರೂ ಆಗದು. ಡಿಸ್ಕಿನಲ್ಲಿ ಮೂಲದ ಡೇಟಾ ಡೈರೆಕ್ಟರಿಯಷ್ಟು ಜಾಗ, ಅದರ ಮೇಲೆ ದಿನಚರಿ ಲಾಗ್‌ಗಳಿಗೆ ಧಾರಾಳ ಜಾಗ ಬೇಕು. ವಾಲ್ ಎಂದು ಕರೆಯುವ ಈ ಲಾಗ್‌ನಲ್ಲಿ ಪ್ರತಿಯೊಂದು ಬದಲಾವಣೆಯೂ ದಾಖಲಾಗುತ್ತದೆ. ಸಾಮಾನ್ಯವಾಗಿ ಅದರ ಒಂದೊಂದು ಫೈಲು 16 ಎಂಬಿ. ಪ್ರತಿ ಯಂತ್ರ ಮಾಡುವ ಕೆಲಸವೆಂದರೆ ಈ ಲಾಗ್ ಅನ್ನು ಮೂಲದಿಂದ ತರಿಸಿಕೊಂಡು, ಅದರಲ್ಲಿದ್ದಂತೆ ತನ್ನ ಫೈಲುಗಳನ್ನು ತಿದ್ದಿಕೊಳ್ಳುತ್ತಾ ಹೋಗುವುದು. ಈ ಸೌಲಭ್ಯ 2010ರ 9.0 ಆವೃತ್ತಿಯಿಂದ ಇದೆ.

2. ಮೂಲ ಯಂತ್ರದಲ್ಲಿ ಮಾಡಬೇಕಾದದ್ದು

ಪ್ರತಿಗೆಂದೇ ಬೇರೆ ಬಳಕೆದಾರನನ್ನು ರೆಪ್ಲಿಕೇಶನ್ ಹಕ್ಕಿನೊಂದಿಗೆ ರಚಿಸಿ. ಮುಖ್ಯ ಬಳಕೆದಾರನ ಪಾಸ್‌ವರ್ಡನ್ನು ಇದಕ್ಕೆ ಬಳಸಬೇಡಿ.

ಪಿಜಿ_ಎಚ್‌ಬಿಎ.ಕಾನ್ಫ್ ಎಂಬ ಫೈಲು ಯಾರು ಎಲ್ಲಿಂದ ಒಳಬರಬಹುದು ಎಂಬುದನ್ನು ತೀರ್ಮಾನಿಸುತ್ತದೆ. ಪ್ರತಿ ಯಂತ್ರದ ವಿಳಾಸಕ್ಕೆ ಅಲ್ಲಿ ಒಂದು ಸಾಲು ಸೇರಿಸಬೇಕು. ಡೇಟಾಬೇಸಿನ ಜಾಗದಲ್ಲಿ 'ಆಲ್' ಎಂದು ಬರೆದರೆ ಸಾಲದು, 'ರೆಪ್ಲಿಕೇಶನ್' ಎಂದೇ ಬರೆಯಬೇಕು. 'ಆಲ್' ಎಂಬುದರಲ್ಲಿ ರೆಪ್ಲಿಕೇಶನ್ ಸಂಪರ್ಕ ಸೇರುವುದಿಲ್ಲ. ಹೊಸಬರು ಬಹಳ ಹೊತ್ತು ತಲೆಕೆಡಿಸಿಕೊಳ್ಳುವುದು ಇಲ್ಲಿಯೇ.

ವಾಲ್_ಲೆವೆಲ್ ಎಂಬ ಸೆಟ್ಟಿಂಗ್ 10ನೇ ಆವೃತ್ತಿಯಿಂದೀಚೆಗೆ ತಾನಾಗಿಯೇ 'ರೆಪ್ಲಿಕಾ' ಆಗಿರುತ್ತದೆ. ಯಾರಾದರೂ ಅದನ್ನು 'ಮಿನಿಮಲ್' ಮಾಡಿಲ್ಲವೆಂದು ನೋಡಿಕೊಂಡರೆ ಸಾಕು.

3. ಫೈಲುಗಳನ್ನು ತರುವುದು

ಪ್ರತಿ ಯಂತ್ರದ ಡೇಟಾ ಡೈರೆಕ್ಟರಿ ಖಾಲಿ ಇರಬೇಕು. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಪೋಸ್ಟ್‌ಗ್ರೆಸ್ ಹಾಕಿದ ಕೂಡಲೇ ಒಂದು ಹೊಸ ಡೇಟಾಬೇಸ್ ತಾನಾಗಿ ಹುಟ್ಟಿಕೊಳ್ಳುತ್ತದೆ. ಅದನ್ನು ನಿಲ್ಲಿಸಿ ಡೈರೆಕ್ಟರಿಯನ್ನು ಖಾಲಿ ಮಾಡಬೇಕು. ಅಳಿಸುವ ಆಜ್ಞೆ ಕೊಡುವ ಮುನ್ನ ನೀವು ಯಾವ ಊರಿನ ಯಂತ್ರದಲ್ಲಿ ಇದ್ದೀರಿ ಎಂದು ಎರಡು ಸಲ ನೋಡಿ. ಎರಡು ಯಂತ್ರಗಳ ಕಿಟಕಿ ಪಕ್ಕಪಕ್ಕದಲ್ಲಿ ತೆರೆದಿದ್ದಾಗ ಕೈ ತಪ್ಪುವುದು ಸುಲಭ.

ಆಮೇಲೆ ಪ್ರತಿ ಯಂತ್ರದಲ್ಲಿ, ಪೋಸ್ಟ್‌ಗ್ರೆಸ್ ಬಳಕೆದಾರನಾಗಿಯೇ, ಪಿಜಿ_ಬೇಸ್‌ಬ್ಯಾಕಪ್ ಆಜ್ಞೆ ಕೊಡಬೇಕು. ರೂಟ್ ಆಗಿ ಕೊಟ್ಟರೆ ಫೈಲುಗಳು ರೂಟ್ ಹೆಸರಿಗೆ ಬಂದು ಸರ್ವರ್ ಶುರುವಾಗುವುದಿಲ್ಲ. ಡೇಟಾ ಡೈರೆಕ್ಟರಿಯ ಅನುಮತಿ 0700 ಅಥವಾ 0750 ಇರಬೇಕು.

ಈ ಆಜ್ಞೆಗೆ ದೊಡ್ಡ 'ಆರ್' ಆಯ್ಕೆಯನ್ನು ಸೇರಿಸಿದರೆ ಎರಡು ಕೆಲಸ ಆಗುತ್ತದೆ. ಸ್ಟ್ಯಾಂಡ್‌ಬೈ.ಸಿಗ್ನಲ್ ಎಂಬ ಖಾಲಿ ಫೈಲು ಹುಟ್ಟುತ್ತದೆ; ಪೋಸ್ಟ್‌ಗ್ರೆಸ್‌ಕ್ಯೂಎಲ್.ಆಟೋ.ಕಾನ್ಫ್ ಫೈಲಿಗೆ ಮೂಲ ಯಂತ್ರದ ವಿಳಾಸವಿರುವ ಪ್ರೈಮರಿ_ಕಾನ್‌ಇನ್ಫೋ ಸಾಲು ಸೇರುತ್ತದೆ. ಸ್ಟ್ಯಾಂಡ್‌ಬೈ.ಸಿಗ್ನಲ್ ಒಳಗೆ ಏನೂ ಇರಬೇಕಿಲ್ಲ, ಆ ಹೆಸರಿನ ಫೈಲು ಇದ್ದರೆ ಸಾಕು. ಅದಿಲ್ಲದೆ ಶುರು ಮಾಡಿದರೆ ಸರ್ವರ್ ತಾನೇ ಇನ್ನೊಂದು ಮೂಲವೆಂದು ಬಗೆದು ಬೇರೆ ದಾರಿ ಹಿಡಿಯುತ್ತದೆ. ಆಮೇಲೆ ಮೊದಲಿನಿಂದ ಪ್ರತಿ ಮಾಡಬೇಕಾದೀತು. 2019ರ 12ನೇ ಆವೃತ್ತಿಗಿಂತ ಮೊದಲು ಈ ಕೆಲಸಕ್ಕೆ ರಿಕವರಿ.ಕಾನ್ಫ್ ಎಂಬ ಫೈಲು ಇತ್ತು. ಹಳೆಯ ಟಿಪ್ಪಣಿ ನೋಡಿ ಈಗಲೂ ಅದನ್ನು ಬರೆದಿಟ್ಟರೆ ಸರ್ವರ್ ಶುರುವಾಗಲು ಒಪ್ಪುವುದಿಲ್ಲ.

13ನೇ ಆವೃತ್ತಿಯಿಂದ ಬ್ಯಾಕಪ್_ಮ್ಯಾನಿಫೆಸ್ಟ್ ಎಂಬ ಫೈಲೂ ಬರುತ್ತದೆ. ತಂದ ಫೈಲುಗಳೆಲ್ಲದರ ಪಟ್ಟಿ ಅದರಲ್ಲಿರುತ್ತದೆ. ಸರ್ವರ್ ಶುರು ಮಾಡುವ ಮೊದಲು ಪಿಜಿ_ವೆರಿಫೈಬ್ಯಾಕಪ್ ಆಜ್ಞೆಯಿಂದ ತಾಳೆ ನೋಡಿದರೆ, ದಾರಿಯಲ್ಲಿ ಏನಾದರೂ ತಪ್ಪಿಹೋಗಿದೆಯೇ ಎಂದು ಗೊತ್ತಾಗುತ್ತದೆ. ಸೆಟ್ಟಿಂಗ್ ಬರೆಯುವ ಆಟೋ.ಕಾನ್ಫ್ ಮತ್ತು ಸಿಗ್ನಲ್ ಫೈಲುಗಳನ್ನು ಈ ತಾಳೆಯಿಂದ ಬಿಟ್ಟಿರುತ್ತಾರೆ. ಅವನ್ನು ಕಣ್ಣಿಂದಲೇ ನೋಡಿಕೊಳ್ಳಿ.

4. ತಾನಾಗಿ ಬಾರದ ಫೈಲುಗಳು

ಸೆಟ್ಟಿಂಗ್ ಫೈಲುಗಳು: ಡೆಬಿಯನ್, ಉಬುಂಟುಗಳಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್.ಕಾನ್ಫ್ ಮತ್ತು ಪಿಜಿ_ಎಚ್‌ಬಿಎ.ಕಾನ್ಫ್ ಡೇಟಾ ಡೈರೆಕ್ಟರಿಯ ಹೊರಗೆ, ಇಟಿಸಿ ಡೈರೆಕ್ಟರಿಯೊಳಗೆ ಇರುತ್ತವೆ. ಅವು ಪ್ರತಿಯೊಂದಿಗೆ ಬರುವುದಿಲ್ಲ, ಕೈಯಿಂದಲೇ ತರಬೇಕು. ತರದಿದ್ದರೆ ಏನಾಗುತ್ತದೆ? ಪ್ರತಿ ತಿಂಗಳುಗಟ್ಟಲೆ ಚೆನ್ನಾಗಿ ನಡೆಯಬಹುದು. ಮೂಲ ಕೆಟ್ಟ ದಿನ ಪ್ರತಿಯನ್ನೇ ಮೂಲವಾಗಿ ಏರಿಸುತ್ತೀರಿ. ಆಗ ಒಳಬರುವವರ ಸಾಲುಗಳು ಅಲ್ಲಿಲ್ಲದ ಕಾರಣ ಯಾರಿಗೂ ಲಾಗಿನ್ ಆಗುವುದಿಲ್ಲ. ಎಸ್‌ಎಸ್‌ಎಲ್ ಪ್ರಮಾಣಪತ್ರದ ಫೈಲುಗಳಿಗೂ ಇದೇ ಮಾತು.

ಮಿತಿಗಳು: ಮ್ಯಾಕ್ಸ್_ಕನೆಕ್ಷನ್ಸ್ ಮುಂತಾದ ಕೆಲವು ಮಿತಿಗಳು ಮೂಲದಲ್ಲಿ ಇರುವಷ್ಟೇ ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ಮೂಲದಲ್ಲಿ 200, ಪ್ರತಿಯಲ್ಲಿ 100 ಎಂದಿದ್ದರೆ ಪ್ರತಿ ಯಂತ್ರ ಶುರುವಿನಲ್ಲೇ ತಕರಾರು ತೆಗೆಯುತ್ತದೆ.

ಪಾಸ್‌ವರ್ಡ್ ಫೈಲು: .ಪಿಜಿಪಾಸ್ ಎಂಬ ಫೈಲನ್ನು ಪೋಸ್ಟ್‌ಗ್ರೆಸ್ ಬಳಕೆದಾರನ ಹೋಮ್ ಡೈರೆಕ್ಟರಿಯಲ್ಲಿ ಇಡಿ. ವಿಳಾಸ, ಪೋರ್ಟ್, ಡೇಟಾಬೇಸ್, ಬಳಕೆದಾರ, ಪಾಸ್‌ವರ್ಡ್ ಎಂಬ ಐದು ಅಂಶಗಳು ನಡುವೆ ಕೋಲನ್ ಚಿಹ್ನೆಯೊಂದಿಗೆ ಒಂದೇ ಸಾಲಿನಲ್ಲಿರಬೇಕು. ಡೇಟಾಬೇಸಿನ ಜಾಗದಲ್ಲಿ ಇಲ್ಲಿಯೂ 'ರೆಪ್ಲಿಕೇಶನ್' ಎಂದೇ ಬರೆಯಬೇಕು. ಫೈಲಿನ ಅನುಮತಿ 0600 ಇರಬೇಕು. ಬೇರೆಯವರಿಗೆ ಓದಲು ಬರುವಂತಿದ್ದರೆ ಪೋಸ್ಟ್‌ಗ್ರೆಸ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಟೇಬಲ್‌ಸ್ಪೇಸ್: ಡೇಟಾವನ್ನು ಬೇರೆ ಡಿಸ್ಕಿನಲ್ಲೂ ಇಟ್ಟಿದ್ದರೆ, ಅದೇ ದಾರಿಯ ಡೈರೆಕ್ಟರಿ ಪ್ರತಿಯಲ್ಲೂ ಇರಬೇಕು, ಇಲ್ಲವೇ ಟೇಬಲ್‌ಸ್ಪೇಸ್ ಮ್ಯಾಪಿಂಗ್ ಆಯ್ಕೆಯಿಂದ ಹೊಸ ದಾರಿಯನ್ನು ಹೇಳಬೇಕು.

5. ಕನ್ನಡದ ಅಕಾರಾದಿ: ನಮಗೆ ಬೇಕಾದ ವಿಶೇಷ ಎಚ್ಚರಿಕೆ

ಡೇಟಾಬೇಸ್ ಹೆಸರುಗಳನ್ನು ಬೇಗ ಹುಡುಕಲು ಇಂಡೆಕ್ಸ್ ಇಟ್ಟುಕೊಂಡಿರುತ್ತದೆ. ಇಂಡೆಕ್ಸ್ ಎಂದರೆ ಅಕಾರಾದಿಯಾಗಿ ಜೋಡಿಸಿದ ಪಟ್ಟಿ. ನಿಘಂಟಿನಲ್ಲಿ ಪದ ಹುಡುಕುವಂತೆ ಡೇಟಾಬೇಸ್ ಸರಿಯಾದ ಪುಟಕ್ಕೆ ನೇರವಾಗಿ ಹೋಗುತ್ತದೆ. ಅಲ್ಲಿ ಸಿಗದಿದ್ದರೆ ಇಲ್ಲ ಎನ್ನುತ್ತದೆ. ಬೇರೆ ಪುಟ ತಿರುವಿ ನೋಡುವುದಿಲ್ಲ.

ಅಕ್ಷರಗಳ ಕ್ರಮ ಎಲ್ಲ ಕಡೆ ಒಂದೇ ಅಲ್ಲ. ನಮ್ಮ ವರ್ಣಮಾಲೆಯಲ್ಲಿ 'ಳ' ಬರುವುದು 'ಹ' ಆದ ಮೇಲೆ. ಯೂನಿಕೋಡ್ ಸಂಖ್ಯೆಗಳ ಕ್ರಮದಲ್ಲಿ ಅದು 'ಲ' ಮತ್ತು 'ವ' ನಡುವೆ ಬರುತ್ತದೆ. ಹೀಗಾಗಿ ಸಂಖ್ಯೆಯ ಕ್ರಮದಲ್ಲಿ 'ಕಳಸ' ಮೊದಲು, 'ಕವಿತಾ' ಆಮೇಲೆ. ನಿಘಂಟಿನ ಕ್ರಮದಲ್ಲಿ ಇದು ತಿರುವುಮುರುವು. ಯಾವ ಕ್ರಮ ಎಂಬುದನ್ನು ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಜಿಲಿಬ್‌ಸಿ ಎಂಬ ಮೂಲ ಗ್ರಂಥಾಲಯ ಹೇಳುತ್ತದೆ. ಅದು ಪೋಸ್ಟ್‌ಗ್ರೆಸ್‌ನ ಭಾಗವಲ್ಲ, ಪ್ರತಿಯೊಂದಿಗೆ ಬರುವುದೂ ಇಲ್ಲ.

2018ರ ಆಗಸ್ಟಿನಲ್ಲಿ ಬಂದ ಜಿಲಿಬ್‌ಸಿ 2.28 ಅಕ್ಷರಕ್ರಮದ ಕೋಷ್ಟಕಗಳನ್ನು ದೊಡ್ಡ ಪ್ರಮಾಣದಲ್ಲಿ ಬದಲಿಸಿತು. ಉಬುಂಟು 18.04ರಲ್ಲಿ ಇರುವುದು 2.27, 20.04ರಲ್ಲಿ 2.31. ಮೂಲದಲ್ಲಿ ಹಳೆಯದು, ಪ್ರತಿಯಲ್ಲಿ ಹೊಸದು ಇದ್ದರೆ, ಒಂದು ಕ್ರಮದಲ್ಲಿ ಜೋಡಿಸಿದ ನಿಘಂಟನ್ನು ಇನ್ನೊಂದು ಕ್ರಮ ಕಲಿತವರ ಕೈಗೆ ಕೊಟ್ಟಂತೆ. ಯಾವ ದೋಷದ ಸಂದೇಶವೂ ಬಾರದೆ, ಇರುವ ಹೆಸರನ್ನೇ ಇಲ್ಲ ಎನ್ನಬಹುದು. ಅಂಥ ಪ್ರತಿಯನ್ನು ಮೂಲವಾಗಿ ಏರಿಸಿದ ಮೇಲೆ ಇನ್ನೂ ಕಷ್ಟ: ಒಂದೇ ಹೆಸರು, ಒಂದೇ ಸಂಖ್ಯೆ ಎರಡು ಸಲ ಸೇರಬಾರದೆಂಬ ತಡೆಯೂ ಇದೇ ಇಂಡೆಕ್ಸಿನ ಮೇಲೆ ನಿಂತಿರುವುದರಿಂದ ಜೋಡಿ ದಾಖಲೆಗಳು ನುಸುಳಬಹುದು.

ಹತ್ತಾರು ವರ್ಷಗಳಿಂದ ಸಂಘದಲ್ಲಿರುವ ಹಿರಿಯರೊಬ್ಬರು ಬಂದು ಕೇಳಿದಾಗ, ನಿಮ್ಮ ಹೆಸರು ನಮ್ಮಲ್ಲಿಲ್ಲ ಎಂದು ಹೇಳುವಂತಾಗಬಾರದು. ಅದಕ್ಕೆ ಹೀಗೆ ಮಾಡಿ:

• ಎರಡೂ ಕಡೆ ಒಂದೇ ಲಿನಕ್ಸ್, ಒಂದೇ ಆವೃತ್ತಿ ಹಾಕಿ. ಮುಂದೆ ಮೇಲ್ದರ್ಜೆಗೆ ಏರಿಸುವಾಗಲೂ ಎರಡನ್ನೂ ಒಟ್ಟಿಗೆ ಯೋಜಿಸಿ.

• ಮೂಲದ ಡೇಟಾಬೇಸ್ ಕನ್ನಡ ಲೊಕೇಲ್‌ನಲ್ಲಿದ್ದರೆ, ಅದೇ ಲೊಕೇಲನ್ನು ಪ್ರತಿ ಯಂತ್ರದಲ್ಲೂ ಮೊದಲೇ ರಚಿಸಿ. ಇಲ್ಲದಿದ್ದರೆ ಆ ಡೇಟಾಬೇಸಿಗೆ ಸಂಪರ್ಕವೇ ಸಿಗದು.

• ಹೊಸದಾಗಿ ಶುರು ಮಾಡುವವರು ಡೇಟಾಬೇಸನ್ನು 'ಸಿ' ಕ್ರಮದಲ್ಲಿ ರಚಿಸಬಹುದು. ಅದು ಸಂಖ್ಯೆಯ ಕ್ರಮ, ಜಿಲಿಬ್‌ಸಿ ಬದಲಾದರೂ ಬದಲಾಗದು. ಪಟ್ಟಿ ಮುದ್ರಿಸುವಾಗ ಮಾತ್ರ ಐಸಿಯು ಕನ್ನಡ ಕ್ರಮವನ್ನು ಕೇಳಿದರಾಯಿತು.

• ಒಂದೇ ಲಿನಕ್ಸ್ ಸಾಧ್ಯವೇ ಇಲ್ಲದಿದ್ದರೆ, 2017ರ 10ನೇ ಆವೃತ್ತಿಯಿಂದ ಇರುವ ಲಾಜಿಕಲ್ ರೆಪ್ಲಿಕೇಶನ್ ನೋಡಿ. ಅದು ಫೈಲುಗಳ ಬದಲು ಸಾಲುಗಳನ್ನು ಕಳಿಸುತ್ತದೆ. ಪ್ರತಿ ಯಂತ್ರ ತನ್ನ ಇಂಡೆಕ್ಸನ್ನು ತಾನೇ ಕಟ್ಟಿಕೊಳ್ಳುತ್ತದೆ. ಆದರೆ ಟೇಬಲ್‌ಗಳ ರಚನೆಯನ್ನು ಮೊದಲು ಕೈಯಿಂದ ಸಿದ್ಧಪಡಿಸಬೇಕು, ಮುಂದಿನ ರಚನಾ ಬದಲಾವಣೆಗಳನ್ನೂ ಎರಡೂ ಕಡೆ ನಾವೇ ಮಾಡಬೇಕು.

6. ಶುರು ಮಾಡಿದ ಮೇಲೆ

ಮೂಲದಲ್ಲಿ ಪಿಜಿ_ಸ್ಟ್ಯಾಟ್_ರೆಪ್ಲಿಕೇಶನ್ ನೋಡಿದರೆ ಪ್ರತಿ ಯಂತ್ರದ ಸಾಲು 'ಸ್ಟ್ರೀಮಿಂಗ್' ಎಂದು ಕಾಣಬೇಕು. ಪ್ರತಿಯಲ್ಲಿ ಪಿಜಿ_ಈಸ್_ಇನ್_ರಿಕವರಿ ಕೇಳಿದರೆ 'ಟ್ರೂ' ಎಂಬ ಉತ್ತರ ಬರಬೇಕು. ಆಮೇಲೆ 'ಳ', ಅನುಸ್ವಾರ, ಒತ್ತಕ್ಷರ ಇರುವ ಇಪ್ಪತ್ತು ಹೆಸರುಗಳನ್ನು ಆರಿಸಿ ಎರಡೂ ಕಡೆ ಹುಡುಕಿ ನೋಡಿ. ಆ್ಯಮ್‌ಚೆಕ್ ಎಂಬ ವಿಸ್ತರಣೆಯನ್ನು ಮೂಲದಲ್ಲಿ ಹಾಕಿದರೆ, ಅದರ ಬಿಟಿ_ಇಂಡೆಕ್ಸ್_ಚೆಕ್ ಪ್ರತಿ ಯಂತ್ರದಲ್ಲೂ ನಡೆಯುತ್ತದೆ. ಕ್ರಮ ತಪ್ಪಿದ್ದರೆ ಹೇಳುತ್ತದೆ.

ರೆಪ್ಲಿಕೇಶನ್ ಸ್ಲಾಟ್ ಬಳಸಿದರೆ, ಪ್ರತಿ ಪಡೆಯುವವರೆಗೂ ಮೂಲ ತನ್ನ ಲಾಗ್‌ಗಳನ್ನು ಉಳಿಸಿಕೊಂಡಿರುತ್ತದೆ. ಸೊಲ್ಲಾಪುರದ ಯಂತ್ರ ವಾರಗಟ್ಟಲೆ ಬಂದ್ ಆಗಿದ್ದರೆ ಕಾಸರಗೋಡಿನ ಡಿಸ್ಕ್ ತುಂಬಿ ಮೂಲವೇ ನಿಲ್ಲಬಹುದು. 13ನೇ ಆವೃತ್ತಿಯಿಂದ ಇರುವ ಮ್ಯಾಕ್ಸ್_ಸ್ಲಾಟ್_ವಾಲ್_ಕೀಪ್_ಸೈಜ್‌ಗೆ ಒಂದು ಮಿತಿ ಹಾಕಿಡಿ.

ಕೊನೆಯದಾಗಿ, ಪ್ರತಿ ಇದೆ ಎಂದು ಬ್ಯಾಕಪ್ ನಿಲ್ಲಿಸಬೇಡಿ. ಮೂಲದಲ್ಲಿ ತಪ್ಪಿ ಅಳಿಸಿದ ಹೆಸರು ಕ್ಷಣಮಾತ್ರದಲ್ಲಿ ಪ್ರತಿಯಲ್ಲೂ ಅಳಿಯುತ್ತದೆ. ಪ್ರತಿ ಕಾಪಾಡುವುದು ಯಂತ್ರ ಕೆಟ್ಟಾಗ. ಕೈ ತಪ್ಪಿದಾಗ ಕಾಪಾಡುವುದು ಬ್ಯಾಕಪ್. ಎರಡನ್ನೂ ಇಟ್ಟುಕೊಂಡು, ಸಿದ್ಧಪಡಿಸಿದ ಫೈಲುಗಳ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ಸಂಘದ ಕಪಾಟಿನಲ್ಲಿ ಇಡಿ. ಇಂದು ಈ ಕೆಲಸ ಬಲ್ಲವರು ನಾಳೆ ಬೇರೆ ಊರಿಗೆ ಹೋದರೂ, ಮುಂದೆ ಬರುವವರಿಗೆ ಆ ಹಾಳೆ ದಾರಿ ತೋರಿಸುತ್ತದೆ.