ತೀಯ ಸಮಾಧಿಯಲ್ಲಿನ ಪ್ರಾಣಿಶಿಲ್ಪ

ಪ್ರಾಚೀನ ಈಜಿಪ್ಟಿನ ಸಮಾಧಿಭಿತ್ತಿಗಳಲ್ಲಿ ಕೆತ್ತಿರುವ ಪಶುಪಕ್ಷಿಗಳೆಲ್ಲವೂ ಮೃತನ ಆಹಾರಾರ್ಥವಾಗಿ ಕಲ್ಪಿತವಾದುವೆಂಬ ಮತವೊಂದುಂಟು. ಚಿತ್ರಿತವಾದ ವಸ್ತುವು ಪರಲೋಕದಲ್ಲಿ ನಿಜವಾಗಿಯೇ ಒದಗುವುದೆಂದು ಆ ಜನರು ನಂಬಿದ್ದುದರಿಂದ ಈ ಮತವು ನಿರಾಧಾರವಲ್ಲ. ಆದರೆ ಇದೊಂದರಿಂದಲೇ ಸಮಸ್ತವೂ ಸಮಾಹಿತವಾಗುವುದೇ ಎಂಬುದು ವಿಚಾರಾರ್ಹವಾಗಿದೆ. ಸಕ್ಕಾರದಲ್ಲಿರುವ ತೀ ಎಂಬುವನ ಸಮಾಧಿಯು ಇದಕ್ಕೆ ಉತ್ತಮವಾದ ನಿದರ್ಶನವು.

ತೀಯು ಐದನೆಯ ರಾಜವಂಶದ ಕಾಲದಲ್ಲಿ, ಎಂದರೆ ಕ್ರಿ. ಪೂ. ಸುಮಾರು 2400ರಲ್ಲಿ, ರಾಜರ ಪಿರಮಿಡ್ಡುಗಳ ಮೇಲ್ವಿಚಾರಕನಾಗಿದ್ದನು. ಫ್ರೆಂಚ್ ವಿದ್ವಾಂಸನಾದ ಒಗ್ಯುಸ್ತ್ ಮಾರಿಯೆತ್ ಎಂಬಾತನು 1860ರ ದಶಕದಲ್ಲಿ ಈ ಸಮಾಧಿಯನ್ನು ಮರಳಿನಿಂದ ಹೊರಪಡಿಸಿದನು. ಗೋಡೆಗಳು ನುಣುಪಾದ ಸುಣ್ಣಕಲ್ಲಿನವು. ತಾಮ್ರದ ಉಳಿಗೂ ಬಗ್ಗುವ ಈ ಕಲ್ಲಿನಲ್ಲಿ ಸುತ್ತಣ ಭಾಗವನ್ನು ತುಸುವೇ ತಗ್ಗಿಸಿ, ಆಕೃತಿಯನ್ನು ಉಬ್ಬಾಗಿ ನಿಲ್ಲಿಸಿ, ಬಣ್ಣ ಹಾಕಿರುವರು.

ಒಂದು ಗೋಡೆಯಲ್ಲಿ ತೀಯು ದೋಣಿಯಲ್ಲಿ ನಿಂತು ನೀರ್ಗುದುರೆಯ ಬೇಟೆಯನ್ನು ನೋಡುತ್ತಿರುವನು. ಅವನ ಆಕಾರವು ಪರಿವಾರದವರಿಗಿಂತ ಬಹಳ ದೊಡ್ಡದು. ಈಟಿ ಹಿಡಿದವರು ಮಾತ್ರ ಆಳುಗಳು. ಮೇಲೆ ಜೊಂಡಿನ ನಡುವೆ ಹಕ್ಕಿಗಳ ಗೂಡುಗಳು, ಮರಿಗಳಿಗಾಗಿ ಹೊಂಚುವ ಸಣ್ಣ ಮೃಗಗಳು. ಕೆಳಗೆ ಮೊಸಳೆಯನ್ನು ಕಚ್ಚಿ ಹಿಡಿದ ನೀರ್ಗುದುರೆ. ನೀರ್ಗುದುರೆಯು ಅವ್ಯವಸ್ಥೆಯ ಸಂಕೇತವಾಗಿದ್ದುದರಿಂದ ಅದರ ವಧೆಗೆ ಧಾರ್ಮಿಕಾರ್ಥವನ್ನು ಹೇಳಬಹುದು. ಗೂಡು ದೋಚುವ ಮೃಗಕ್ಕೆ ಯಾವ ಅರ್ಥವನ್ನು ಹೇಳುವುದು?

ಇನ್ನೊಂದೆಡೆ ದನಗಳು ನೀರನ್ನು ದಾಟುತ್ತಿವೆ. ಗೋವಳನೊಬ್ಬನು ಎಳೆಗರುವನ್ನು ಬೆನ್ನ ಮೇಲೆ ಹೊತ್ತಿರುವನು. ಕರುವನ್ನು ಮುಂದೊಯ್ದರೆ ತಾಯಿಯು ತಾನಾಗಿಯೇ ಬರುವುದು, ಮಂದೆಯು ಅದನ್ನು ಹಿಂಬಾಲಿಸುವುದು. ಇದು ದನಗಾಹಿಗಳ ಯುಕ್ತಿ. ಕರುವು ಕತ್ತನ್ನು ಹೊರಳಿಸಿ ತಾಯಿಯತ್ತ ನೋಡುತ್ತದೆ. ಹಸುವು ಮೋರೆಯೆತ್ತಿ ಅಂಬಾ ಎನ್ನುತ್ತದೆ. ನೀರೊಳಗಿನ ಕಾಲುಗಳು ಅಲೆಯ ಗೆರೆಗಳ ನಡುವೆ ಕಾಣುತ್ತವೆ. ಆಹಾರವೇ ಉದ್ದೇಶವಾಗಿದ್ದರೆ ಹಸುವಿನ ಆಕೃತಿಯೊಂದೇ ಸಾಕಾಗಿತ್ತು; ಆ ಹೊರಳಿದ ಕತ್ತಿಗೆ ಪ್ರಯೋಜನವಿರಲಿಲ್ಲ. ದಂಡಿಯು ಅಲಂಕಾರಗಳಲ್ಲಿ ಮೊದಲನೆಯದೆಂದು ಎಣಿಸಿದ ಸ್ವಭಾವೋಕ್ತಿಗೆ ಕಲ್ಲಿನಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆಯು ದೊರೆಯುವುದು ಕಷ್ಟ.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಕೆಲವು ಪಿರಮಿಡ್ಡುಗಳೊಳಗಿನ ಲೇಖನಗಳಲ್ಲಿ ಸಿಂಹ, ಸರ್ಪ ಮೊದಲಾದ ಪ್ರಾಣಿರೂಪದ ಅಕ್ಷರಗಳನ್ನು ತುಂಡರಿಸಿ ಬರೆದಿದೆ. ಅವು ಜೀವತಾಳಿ ಶವಕ್ಕೆ ಕೇಡು ಮಾಡಬಾರದೆಂಬುದೇ ಕಾರಣ. ಹೀಗಿರಲು ಚಿತ್ರವು ಕೇವಲ ಸೌಂದರ್ಯಾರ್ಥವೆನ್ನುವುದು ಹೇಗೆ? ಸತ್ಯವೇ. ಆದರೆ ಆ ಎಚ್ಚರಿಕೆಯು ಶವದ ಸಮೀಪದ್ದು. ತೀಯ ಪೂಜಾಗೃಹದಲ್ಲಿ ಮೊಸಳೆಯು ಅಖಂಡವಾಗಿಯೇ ಇದೆ. ಪೂಜಾಗೃಹವು ನೈವೇದ್ಯ ತರುವ ಜೀವಂತರು ಬಂದುಹೋಗುವ ಸ್ಥಳವು. ಅಂದಿನ ಅನೇಕ ಸಮಾಧಿಲೇಖನಗಳು ದಾರಿಹೋಕರನ್ನೇ ಸಂಬೋಧಿಸುತ್ತವೆ. ಆದುದರಿಂದ ಆ ಕರುವು ಮೃತನ ಭೋಗಕ್ಕೆ ಎಷ್ಟು ಮೀಸಲೋ ಒಳಬಂದವರ ಕಣ್ಣಿಗೂ ಅಷ್ಟೇ ಮೀಸಲಾಗಿತ್ತೆನ್ನುವುದು ಯುಕ್ತವಾಗಿದೆ. ಆರನೆಯ ರಾಜವಂಶದ ಸಮಾಧಿಗಳಲ್ಲಿಯೂ ದನಗಳು ನೀರು ದಾಟುವ ಈ ದೃಶ್ಯವು ಮರಳಿ ಮರಳಿ ಬರುತ್ತದೆ.