ಮಾಪಕಗಳ ನಡುವಿನ ಅಂತರ: ಮೈಕ್ರೋಬರ್ಸ್ಟ್ ಪತ್ತೆಯ ಚರಿತ್ರೆಯಿಂದ ಒಂದು ಅಧ್ಯಾಯ

1975ರ ಜೂನ್ 24ರಂದು ನ್ಯೂಯಾರ್ಕಿನ ಕೆನಡಿ ನಿಲ್ದಾಣದಲ್ಲಿ ಇಳಿಯಬೇಕಿದ್ದ ಈಸ್ಟರ್ನ್ ಏರ್‌ಲೈನ್ಸ್ ವಿಮಾನ ಗುಡುಗುಮಳೆಗೆ ಸಿಕ್ಕಿ ನೆಲಕ್ಕಪ್ಪಳಿಸಿ 113 ಮಂದಿ ಸತ್ತರು. ಆ ಬಳಿಕ ಅಮೆರಿಕದ ವಿಮಾನಯಾನ ಆಡಳಿತವು ನಿಲ್ದಾಣಗಳಲ್ಲಿ ಆರಾರು ಗಾಳಿಮಾಪಕಗಳನ್ನು ನೆಡತೊಡಗಿತು: ಮೈದಾನದ ನಡುವೆ ಒಂದು, ಅಂಚಿನಲ್ಲಿ ಐದು. ನಡುವಿನ ಮಾಪಕದ ಸರಾಸರಿಗೂ ಅಂಚಿನದಕ್ಕೂ 15 ನಾಟ್ ಮೀರಿದ ವ್ಯತ್ಯಾಸ ಕಂಡರೆ ನಿಯಂತ್ರಣ ಗೋಪುರಕ್ಕೆ ಎಚ್ಚರಿಕೆ ಹೋಗುತ್ತಿತ್ತು. ಮುಂದೆ ಈ ವ್ಯವಸ್ಥೆ ಕೈಕೊಟ್ಟಾಗ ನೆಲದ ಉಪಕರಣಗಳ ಮಿತಿಯೇ ಬಯಲಾಯಿತೆಂದು ಹಲವರು ಭಾವಿಸಿದರು. ಆದರೆ ನನಗೆ ಕಾಣುವಂತೆ ಮಾಪಕಗಳ ಮೇಲೆ ಹೊರಿಸಿದ ದೋಷ ಅವುಗಳ ನಡುವೆ ಬಿಟ್ಟ ಅಂತರಕ್ಕೆ ಸೇರಬೇಕಾದದ್ದು. ಬಿರುಗಾಳಿ ಎಂದರೆ ಮೋಡದ ಮುಂದೆ ಅಗಲವಾಗಿ ಸಾಲುಗಟ್ಟಿ ಬರುವ ಗಾಳಿ ಎಂಬ ಕಲ್ಪನೆಯೇ ಆ ಅಂತರವನ್ನು ಗೊತ್ತುಮಾಡಿತ್ತು. ಅಂಥ ಗಾಳಿಯನ್ನು ಹಿಡಿಯಲು ಎರಡು ಮೂರು ಕಿಲೋಮೀಟರಿಗೊಂದು ಮಾಪಕ ಸಾಕು.

ಷಿಕಾಗೊ ವಿಶ್ವವಿದ್ಯಾಲಯದ ಟೆಡ್ ಫುಜಿಟಾ ಅದೇ ಅಪಘಾತದ ದಾಖಲೆಗಳಲ್ಲಿ ಬೇರೊಂದನ್ನು ಕಂಡರು: ಮೋಡದಿಂದ ನೇರ ಕೆಳಗೆ ಧುಮುಕಿ, ನೆಲಕ್ಕೆ ಬಡಿದು ಸುತ್ತಲೂ ಚದುರುವ ಗಾಳಿ. ಇದರ ಪುಟ್ಟ ರೂಪವೇ ಮೈಕ್ರೋಬರ್ಸ್ಟ್. ಹವಾಮಾನ ತಜ್ಞರಲ್ಲಿ ಹಲವರು ಒಪ್ಪಲಿಲ್ಲ. ಅವರನ್ನು ಒಪ್ಪಿಸಲು ಫುಜಿಟಾ ಕ್ಷೇತ್ರಕ್ಕಿಳಿದರು. 1978ರಲ್ಲಿ ಷಿಕಾಗೊ ಬಳಿಯ ನಿಮ್ರಾಡ್ ಯೋಜನೆ ಮೂರು ಡಾಪ್ಲರ್ ರಾಡಾರ್‌ಗಳ ಜೊತೆ 27 ಸ್ವಯಂಚಾಲಿತ ನೆಲಕೇಂದ್ರಗಳನ್ನು ಹರಡಿ 50 ಮೈಕ್ರೋಬರ್ಸ್ಟ್‌ಗಳನ್ನು ದಾಖಲಿಸಿತು. 1982ರ ಬೇಸಿಗೆಯಲ್ಲಿ ಡೆನ್ವರ್ ಬಳಿಯ ಜಾಸ್ ಯೋಜನೆ 186ನ್ನು. ಇವುಗಳ ಚದುರುವಿಕೆ 4 ಕಿಲೋಮೀಟರಿನೊಳಗಿನದು, ಆಯುಷ್ಯ ಕೆಲವೇ ನಿಮಿಷ. ಇಷ್ಟು ಪುಟ್ಟ ಗಾಳಿ ಎರಡು ಮಾಪಕಗಳ ನಡುವೆ ಇಳಿದರೆ ಅದು ಹರಡಿ ಮಾಪಕವನ್ನು ಮುಟ್ಟುವ ತನಕ ಗೋಪುರಕ್ಕೆ ಸುದ್ದಿಯೇ ಇಲ್ಲ. ಸರಾಸರಿ ತೆಗೆಯುವ ಲೆಕ್ಕ ಇನ್ನಷ್ಟು ಹೊತ್ತನ್ನು ನುಂಗುತ್ತದೆ. 1982ರ ಜುಲೈ 9ರಂದು ನ್ಯೂ ಆರ್ಲಿಯನ್ಸ್ ಪಕ್ಕದ ಕೆನರ್‌ನಲ್ಲಿ ಪ್ಯಾನ್ ಆಮ್ ವಿಮಾನ ಬಿದ್ದು 153 ಜನ ಸತ್ತಾಗ ಆ ನಿಲ್ದಾಣದಲ್ಲಿ ಮಾಪಕಗಳಿದ್ದವು. ನೆಲದ ಪತ್ತೆ ತಂತ್ರದ ಸೀಮಿತ ಸಾಮರ್ಥ್ಯವನ್ನು ತನಿಖಾ ಮಂಡಳಿ ದುರಂತದ ಪೂರಕ ಕಾರಣಗಳಲ್ಲಿ ಸೇರಿಸಿತು. 1985ರ ಆಗಸ್ಟ್ 2ರಂದು ಡಲ್ಲಾಸ್‌ನಲ್ಲಿ ಡೆಲ್ಟಾ ವಿಮಾನ ಉರುಳಿದಾಗ ಎಚ್ಚರಿಕೆ ಮೊಳಗಿದ್ದು ಅಪಘಾತವಾದ ಮೇಲೆ. ಗಾಳಿ ಇಳಿದದ್ದು ಮಾಪಕಗಳ ವ್ಯಾಪ್ತಿಯ ಆಚೆ, ರನ್‌ವೇಯ ಉತ್ತರಕ್ಕೆ.

ನಿಲ್ದಾಣಗಳಿಗೇ ಡಾಪ್ಲರ್ ರಾಡಾರ್ ಬಂದ ಮೇಲೆ ಈ ಚರ್ಚೆಗೇನು ಬೆಲೆ ಎಂದು ಕೇಳಬಹುದು. ಇದು ಹಗುರವಾದ ಆಕ್ಷೇಪವಲ್ಲ. ರನ್‌ವೇಯಿಂದ ದೂರದ ಗಾಳಿಯನ್ನೂ, ನೆಲ ಮುಟ್ಟುವ ಮುನ್ನವೇ ಮೋಡದೊಳಗಿನ ಸೂಚನೆಗಳನ್ನೂ ರಾಡಾರ್ ಕಾಣಬಲ್ಲದು. ಆದರೆ ಅದರ ಕಿರಣಕ್ಕೆ ಮರಳಿಬರಲು ಮಳೆಹನಿಯೋ ಧೂಳೋ ಕೀಟವೋ ಬೇಕು. ಡೆನ್ವರ್ ಸೀಮೆಯಲ್ಲಿ ಸಾಮಾನ್ಯವಾದ ಒಣ ಮೈಕ್ರೋಬರ್ಸ್ಟ್‌ನಲ್ಲಿ ಮಳೆ ನೆಲ ತಲುಪುವ ಮೊದಲೇ ಆವಿಯಾಗುತ್ತದೆ, ಪ್ರತಿಧ್ವನಿ ಸೊರಗುತ್ತದೆ. ಮಾಪಕಕ್ಕೆ ಈ ತೊಡಕಿಲ್ಲ. ವಿಮಾನದ ಚಕ್ರ ಇಳಿಯಲಿರುವ ಎತ್ತರದ ಗಾಳಿಯನ್ನೇ ಅದು ಅಳೆಯುತ್ತದೆ. ಆದ್ದರಿಂದಲೇ ರಾಡಾರ್ ಬಂದ ಮೇಲೂ ಮಾಪಕಗಳ ಜಾಲವನ್ನು ಕಿತ್ತುಹಾಕದೆ ಇನ್ನಷ್ಟು ದಟ್ಟವಾಗಿಸಿ, ದೊಡ್ಡ ನಿಲ್ದಾಣಗಳಲ್ಲಿ ಎರಡರ ಮಾಹಿತಿಯನ್ನೂ ಒಂದೇ ಎಚ್ಚರಿಕೆಯಾಗಿ ಹೆಣೆದರು. ಸುತ್ತ ಬೆಳೆದ ಮರಗಳು ಗಾಳಿಯನ್ನು ಮರೆಮಾಡುತ್ತಿದ್ದ ಕಡೆ ಕಂಬಗಳನ್ನೂ ಎತ್ತರಿಸಬೇಕಾಯಿತು.