ಹಿರಿಯರ ಆಸ್ತಿ, ಹಿರಿಯರ ಆಸರೆ: ವಸಿಯ್ಯತ್‌ನಿಂದ 2007ರ ಕಾಯ್ದೆಯವರೆಗೆ



ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವವನಾದ್ದರಿಂದ ಮೊಹಲ್ಲಾದ ಹಿರಿಯರು ಕಾಗದಪತ್ರಗಳನ್ನು ಓದಿಸಿಕೊಳ್ಳಲು ಆಗಾಗ ನನ್ನ ಬಳಿ ಬರುತ್ತಾರೆ. ಕೆಲವು ದಿನಗಳ ಹಿಂದೆ ಎಪ್ಪತ್ತು ದಾಟಿದ ವಿಧವೆಯೊಬ್ಬರು ತಮ್ಮ ಮನೆಯ ದಾನಪತ್ರವನ್ನು ತಂದಿದ್ದರು. ಮನೆ ಮಗನ ಹೆಸರಿಗೆ ಹೋಗಿದೆ. ಅವರೀಗ ಮಗಳ ಮನೆಯಲ್ಲಿದ್ದಾರೆ. "ಬೇಟಾ, ನನ್ನನ್ನು ನೋಡಿಕೊಳ್ಳಬೇಕು ಅಂತ ಇದರಲ್ಲಿ ಬರೆದಿದೆಯಲ್ಲ?" ಎಂದು ಕೇಳಿದರು. ಎಲ್ಲ ಪುಟಗಳನ್ನೂ ಎರಡು ಸಲ ಓದಿದೆ. ಅಂಥ ಒಂದು ಸಾಲೂ ಇರಲಿಲ್ಲ. ಕೊನೆಯಲ್ಲಿ ಅವರ ಹೆಬ್ಬೆಟ್ಟಿನ ಗುರುತು ಮಾತ್ರ ಇತ್ತು.

ಆ ಒಂದು ಸಾಲಿನ ಬೆಲೆ ಏನೆಂಬುದನ್ನು ಚರಿತ್ರೆಯೇ ನಮಗೆ ಹೇಳುತ್ತದೆ.

ಪ್ರವಾದಿವರ್ಯರ ಕಾಲದ ಎರಡು ಪ್ರಸಂಗಗಳು

ಹಿಜರಿ 10ನೇ ವರ್ಷ, ವಿದಾಯ ಹಜ್ಜ್‌ನ ಸಂದರ್ಭ. ಹಝ್ರತ್ ಸಅದ್ ಬಿನ್ ಅಬೀ ವಕ್ಕಾಸ್(ರ) ಮಕ್ಕಾದಲ್ಲಿ ತೀವ್ರ ಅಸ್ವಸ್ಥರಾದರು. ನೋಡಲು ಬಂದ ಪ್ರವಾದಿ(ಸ)ರೊಡನೆ, ತನಗಿರುವುದು ಒಬ್ಬಳೇ ಮಗಳು, ಸಂಪತ್ತಿನ ಮೂರರಲ್ಲಿ ಎರಡು ಪಾಲನ್ನು ದಾನ ಮಾಡಲೇ ಎಂದು ಕೇಳಿದರು. ಬೇಡವೆಂಬ ಉತ್ತರ ಬಂತು. ಅರ್ಧಕ್ಕೂ ಒಪ್ಪಿಗೆ ಸಿಗಲಿಲ್ಲ. ಮೂರನೇ ಒಂದು ಪಾಲಿಗೆ ಒಪ್ಪಿಗೆ ದೊರೆಯಿತು, ಅದೂ ಹೆಚ್ಚೇ ಎಂಬ ಎಚ್ಚರಿಕೆಯೊಂದಿಗೆ. ವಾರಸುದಾರರು ಜನರ ಮುಂದೆ ಕೈಚಾಚುವ ಸ್ಥಿತಿ ಬರಬಾರದೆಂಬುದೇ ಅದಕ್ಕೆ ಕಾರಣ. ಸಅದ್(ರ) ಗುಣಮುಖರಾಗಿ, ಮುಂದೆ ಕಾದಿಸಿಯ್ಯಾ ಯುದ್ಧದ ಸೇನಾನಿಯಾದರು. ವಸಿಯ್ಯತ್‌ನ ಮಾತೆತ್ತಿದರೆ ಅಪಶಕುನ ಎನ್ನುವವರು ಇದನ್ನು ನೆನಪಿಡಬೇಕು.

ಎರಡನೆಯದು ಹಝ್ರತ್ ಬಶೀರ್(ರ)ರದ್ದು. ಮಗ ನುಅಮಾನ್‌ಗೆ ಒಂದು ಕೊಡುಗೆ ನೀಡಿ, ಪ್ರವಾದಿ(ಸ)ರನ್ನು ಸಾಕ್ಷಿಯಾಗಿಸಲು ಬಂದರು. ಉಳಿದ ಮಕ್ಕಳಿಗೂ ಇಷ್ಟೇ ಕೊಟ್ಟಿದ್ದೀರಾ ಎಂಬ ಪ್ರಶ್ನೆ ಎದುರಾಯಿತು. ಇಲ್ಲವೆಂದಾಗ ಪ್ರವಾದಿ(ಸ) ಸಾಕ್ಷಿಯಾಗಲು ಒಪ್ಪಲಿಲ್ಲ; ಬಶೀರ್(ರ) ಕೊಡುಗೆಯನ್ನು ಹಿಂದಕ್ಕೆ ಪಡೆದರು.

ಇಂಥ ಬೋಧನೆಗಳ ಮೇಲೆಯೇ ನಮ್ಮ ಫಿಕ್ಹ್ ನಿಂತಿದೆ. ವ್ಯಕ್ತಿ ತೀರಿಕೊಂಡ ಮೇಲೆ ಮೊದಲು ಅಂತ್ಯಕ್ರಿಯೆಯ ಖರ್ಚು, ಬಳಿಕ ಸಾಲ, ಬಳಿಕ ವಸಿಯ್ಯತ್, ಕೊನೆಗೆ ವಾರಸು ಪಾಲು. ಪತ್ನಿಗೆ ಕೊಡದೆ ಉಳಿದ ಮಹರ್ ಕೂಡ ಸಾಲವೇ. ಎಷ್ಟು ಮನೆಗಳಲ್ಲಿ ವಿಧವೆಯ ಮಹರನ್ನು ಲೆಕ್ಕಕ್ಕೆ ಹಿಡಿಯುತ್ತಾರೆಂದು ನಾವೇ ಕೇಳಿಕೊಳ್ಳೋಣ. ವಸಿಯ್ಯತ್ತನ್ನು ಬದುಕಿರುವವರೆಗೆ ಬದಲಾಯಿಸಬಹುದು. ಹಿಬಾ ಹಾಗಲ್ಲ. ಕೊಡುವೆನೆಂಬ ಘೋಷಣೆ, ಸ್ವೀಕಾರ, ಸ್ವಾಧೀನ ಈ ಮೂರೂ ನಡೆದರೆ ಅದು ಪೂರ್ಣವಾಗುತ್ತದೆ. ಹನಫಿ ಮದ್‌ಹಬ್‌ನಲ್ಲಿ ಮಗನಿಗೆ ಕೊಟ್ಟ ಹಿಬಾ ಪೂರ್ಣವಾದ ಮೇಲೆ ಹಿಂದಕ್ಕೆ ಬರುವುದಿಲ್ಲ. ನಮ್ಮ ಕರಾವಳಿಯಲ್ಲಿ ಹೆಚ್ಚಾಗಿರುವ ಶಾಫಿಈ ಮದ್‌ಹಬ್‌ನಲ್ಲಿ ತಂದೆಗೆ ಆ ಅವಕಾಶವುಂಟು.

ಬ್ರಿಟಿಷರ ಕಾಲದಲ್ಲಿ

1867ರಲ್ಲಿ ಲಂಡನ್ನಿನ ಪ್ರೀವಿ ಕೌನ್ಸಿಲ್ ಮುಂದೆ ಒಂದು ಮೊಕದ್ದಮೆ ಬಂತು. ತಂದೆಯೊಬ್ಬರು ಸರ್ಕಾರಿ ಸಾಲಪತ್ರಗಳನ್ನು ಮಗನಿಗೆ ಹಿಬಾ ಮಾಡಿ, ತಾನಿರುವವರೆಗೆ ಅದರ ಆದಾಯ ತನಗೇ ಬರಬೇಕೆಂದು ಕರಾರು ಮಾಡಿದ್ದರು. ಹಿಬಾ ಮತ್ತು ಕರಾರು ಎರಡೂ ಸಿಂಧುವೆಂದು ತೀರ್ಪಾಯಿತು. ಕೊಟ್ಟರೂ ಬರಿಗೈಯಾಗದಂತೆ ಕೊಡಬಹುದೆಂದು ಆ ವೃದ್ಧ ತಂದೆ ತೋರಿಸಿಕೊಟ್ಟರು.

ಇನ್ನೊಂದು ದಾರಿ ವಕ್ಫ್ ಅಲಲ್ ಔಲಾದ್, ಅಂದರೆ ಕುಟುಂಬದ ಪೋಷಣೆಗಾಗಿ ಮಾಡುವ ವಕ್ಫ್. 1894ರಲ್ಲಿ ಬಂಗಾಳದ ಮೊಕದ್ದಮೆಯೊಂದರಲ್ಲಿ, ವಂಶವೇ ಅಳಿದ ಮೇಲೆ ಬಡವರಿಗೆ ಸಿಗುವ ದಾನ ನಿಜವಾದ ದಾನವಲ್ಲವೆಂದು ಪ್ರೀವಿ ಕೌನ್ಸಿಲ್ ಅದನ್ನು ತಳ್ಳಿಹಾಕಿತು. ಮುಸ್ಲಿಮರಲ್ಲಿ ಭಾರೀ ಅಸಮಾಧಾನವೆದ್ದಿತು. ಅಲ್ಲಾಮಾ ಶಿಬ್ಲಿ ನುಅಮಾನಿ ಇದರ ವಿರುದ್ಧ ಲೇಖನಿ ಹಿಡಿದರು. ಮುಹಮ್ಮದ್ ಅಲಿ ಜಿನ್ನಾ 1911ರಲ್ಲಿ ಶಾಸನಸಭೆಯಲ್ಲಿ ಮಸೂದೆ ಮಂಡಿಸಿದರು. 1913ರಲ್ಲಿ ಅದು ಕಾಯ್ದೆಯಾಯಿತು. ಹನಫಿ ಮುಸ್ಲಿಮನು ತನ್ನ ಜೀವಿತಾವಧಿಯ ನಿರ್ವಹಣೆಗೆ ವಕ್ಫ್‌ನ ಆದಾಯವನ್ನು ಇರಿಸಿಕೊಳ್ಳಬಹುದೆಂದು ಅದರಲ್ಲಿ ಸ್ಪಷ್ಟವಾಗಿ ಬರೆಯಲಾಯಿತು. ಇಂಥ ವಕ್ಫ್‌ನಿಂದ ಹೆಣ್ಣುಮಕ್ಕಳ ವಾರಸು ಹಕ್ಕು ತಪ್ಪಬಾರದೆಂದು 2025ರ ತಿದ್ದುಪಡಿ ಸೇರಿಸಿದೆ.

2007ರ ಕಾಯ್ದೆ

ಪಾಲಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ 2007ರಲ್ಲಿ ಬಂತು. ಇದು ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ನಮ್ಮ ರಾಜ್ಯದಲ್ಲಿ ಉಪವಿಭಾಗದ ಅಸಿಸ್ಟೆಂಟ್ ಕಮಿಷನರರೇ ಇದರ ನ್ಯಾಯಮಂಡಳಿಯ ಅಧ್ಯಕ್ಷರು. ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿಯವರೆಗೆ ಜೀವನಾಂಶ ಕೊಡಿಸಬಹುದು. ಮೊದಲು ರಾಜಿಗೂ ಅವಕಾಶವಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಪ್ರತ್ಯೇಕ ಸರತಿ ಸಾಲು ಇರಬೇಕೆಂದೂ ಕಾಯ್ದೆ ಹೇಳುತ್ತದೆ.

ಇದರ 23ನೇ ಕಲಂ ಬಹು ಮುಖ್ಯ. ತನ್ನನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಆಸ್ತಿ ಕೊಟ್ಟಿದ್ದು, ಪಡೆದವರು ನೋಡಿಕೊಳ್ಳದಿದ್ದರೆ, ಆ ವರ್ಗಾವಣೆಯನ್ನು ರದ್ದುಪಡಿಸಬಹುದು. ಆದರೆ ಅಂಥ ಷರತ್ತು ಇತ್ತೆಂಬುದು ಸಾಬೀತಾಗಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರಿಗೆ ಅದೇ ನ್ಯಾಯಾಲಯ ಆಸ್ತಿಯನ್ನು ಮರಳಿ ಕೊಡಿಸಿತು. ಅವರ ಕೈಯಲ್ಲಿ ನೋಡಿಕೊಳ್ಳುವ ಮಾತು ಬರಹದಲ್ಲಿತ್ತು. ಬಾಯಿಮಾತಿನ ಹಿಬಾ ನಮ್ಮಲ್ಲಿ ಸಿಂಧುವೇ. ಆದರೆ ಬಾಯಿಮಾತಿನ ಷರತ್ತನ್ನು ತೋರಿಸುವುದು ಹೇಗೆ?

ನಾವು ಮಾಡಬೇಕಾದುದು

ಸಾಲದ ವ್ಯವಹಾರವನ್ನು ಬರೆದಿಡಿ ಎಂದು ಕಲಿಸಿದ ಧರ್ಮ ನಮ್ಮದು. ಮಗನೊಡನೆ ಬರೆದಿಟ್ಟರೆ ಅಪನಂಬಿಕೆಯೆಂದು ಭಾವಿಸಬೇಡಿ. ಆಸ್ತಿ ಬಿಟ್ಟುಕೊಡುವ ಮುನ್ನ ವಾಸದ ಹಕ್ಕು, ಊಟ, ಔಷಧಿ ಇವುಗಳನ್ನು ಹೆಸರಿಸಿ ಬರೆಸಿ. ಹೆಣ್ಣುಮಕ್ಕಳನ್ನು ಮರೆಯಬೇಡಿ. ಸಹಿ ಹಾಕುವ ಮೊದಲು ನಿಮಗೆ ಗೊತ್ತಿರುವ ಭಾಷೆಯಲ್ಲಿ ಓದಿಸಿ ಕೇಳಿ. ಗುಣವಾಗದ ಕಾಯಿಲೆಯಲ್ಲಿ ಎಂಥ ಚಿಕಿತ್ಸೆ ಬೇಕು, ಎಂಥದ್ದು ಬೇಡ ಎಂಬುದನ್ನು ಮೊದಲೇ ಬರೆದಿಡಲು ಸುಪ್ರೀಂ ಕೋರ್ಟ್ 2018ರಲ್ಲಿ ಅವಕಾಶ ನೀಡಿತು. 2023ರಲ್ಲಿ ಕ್ರಮವನ್ನು ಸರಳಗೊಳಿಸಿತು. ಇದರಲ್ಲಿ ಆಲಿಮರ ಮತ್ತು ವೈದ್ಯರ ಸಲಹೆ ಪಡೆಯಿರಿ. ಹಿರಿಯರಿಗಾಗಿ 14567 ಎಂಬ ಸಹಾಯವಾಣಿಯೂ ಇದೆ.

ನಡೆದು ಹೋಗಲಾರದ ಹಿರಿಯರ ಪರವಾಗಿ, ಅವರು ಅಧಿಕಾರ ಕೊಟ್ಟರೆ, ನೋಂದಾಯಿತ ಸಂಸ್ಥೆಯೂ ಅರ್ಜಿ ಸಲ್ಲಿಸಬಹುದು. ಮಕ್ಕಳ ವಿದ್ಯೆಗಾಗಿ ದುಡಿಯುವ ನಮ್ಮ ಸಂಸ್ಥೆ ತಿಂಗಳಿಗೊಂದು ದಿನ ಹಿರಿಯರ ಕಾಗದಗಳನ್ನು ಓದಿಕೊಡಲು ಮೀಸಲಿಡಬಾರದೇ?

ಆ ತಾಯಿಗೆ ನಾನು ಜೀವನಾಂಶದ ಅರ್ಜಿ ಬರೆದುಕೊಟ್ಟೆ. ಷರತ್ತಿನ ಸಾಲಿಲ್ಲದೆ ಮನೆ ಮರಳುವುದು ಕಷ್ಟ. ಜೀವನಾಂಶಕ್ಕೆ ಆ ಸಾಲು ಬೇಕಿಲ್ಲ. "ಮಗನ ಮೇಲೆ ಅರ್ಜಿಯೇ?" ಎಂದು ಅದನ್ನು ಮಡಚಿ ಚೀಲದಲ್ಲಿಟ್ಟುಕೊಂಡರು. ಇಂದಿಗೂ ಸಲ್ಲಿಸಿಲ್ಲ. ಯಾವ ತಾಯಿಗೂ ಅಂಥ ಅರ್ಜಿ ಬರೆಸುವ ಅಗತ್ಯ ಬಾರದಂತೆ ಬಾಳುವ ತೌಫೀಕನ್ನು ಅಲ್ಲಾಹನು ನಮ್ಮ ಮಕ್ಕಳಿಗೂ ನಮಗೂ ದಯಪಾಲಿಸಲಿ. ಆಮೀನ್.